ಕರಾವಳಿಯ ಮನೆಯೊಳಗೆ ಕೇಪ್ ಪ್ರಿಮ್‌ರೋಸ್: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಫ್ಲ್ಯಾಟಿನಲ್ಲಿ ಈ ಗಿಡ ಸಾಕಲು ತೊಡಗಿ ಎಂಟು ಮಳೆಗಾಲ ಕಳೆಯಿತು. ಮನೆಗೆ ಬಂದವರು ಕಿಟಕಿ ಪಕ್ಕದ ನೇರಳೆ ಹೂ ನೋಡಿ ಕೇಳುವುದು, ಸಸಿ ಕೊಂಡುಹೋದವರು ತಿಂಗಳು ಬಿಟ್ಟು ಫೋನ್ ಮಾಡಿ ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು. ಅವನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಬೆಂಗಳೂರಿಗೋ ಊಟಿಗೋ ಸರಿಹೋಗುವ ಸಲಹೆ ನಮ್ಮ ಸೆಕೆಗೆ ಹೊಂದುವುದಿಲ್ಲ. ಇಲ್ಲಿ ಬರೆದಿರುವುದು ಮಂಗಳೂರು, ಉಡುಪಿಯ ಹವೆಯನ್ನು ಮನಸ್ಸಿನಲ್ಲಿಟ್ಟುಕೊಂಡು.

ಕೇಪ್ ಪ್ರಿಮ್‌ರೋಸ್ ಅಂದರೆ ಯಾವ ಗಿಡ? ನಮ್ಮ ಕೇಪುಳಕ್ಕೂ ಇದಕ್ಕೂ ಸಂಬಂಧ ಉಂಟಾ?

ಇಲ್ಲ. ಕೇಪುಳ ಗುಡ್ಡೆಯ ಮೇಲೆ ಬಿಸಿಲಿಗೆ ಕೆಂಪಗೆ ಅರಳುವ ಪೊದೆ, ಕಾಫಿಯ ಕುಟುಂಬದ್ದು. ಇದರ ಹೆಸರಿನಲ್ಲಿರುವ ‘ಕೇಪ್’ ಆಫ್ರಿಕಾದ ದಕ್ಷಿಣ ತುದಿಯ ಗುಡ್ ಹೋಪ್ ಭೂಶಿರದ ಸೀಮೆ. ಪ್ರಿಮ್‌ರೋಸ್ ಅನ್ನುವ ಹೂವಿಗೂ ಇದಕ್ಕೂ ನೆಂಟಸ್ತನ ಇಲ್ಲ. ಸಸ್ಯಶಾಸ್ತ್ರದಲ್ಲಿ ಇದು ಸ್ಟ್ರೆಪ್ಟೋಕಾರ್ಪಸ್. ಗ್ರೀಕ್ ಭಾಷೆಯಲ್ಲಿ ‘ಹುರಿಗೊಂಡ ಕಾಯಿ’ ಎಂದರ್ಥ. ನಮ್ಮ ಕಡೆ ಬಾಣಂತಿ ಮನೆಗಳಲ್ಲಿ ಮಗುವಿಗೆ ತೇಯ್ದು ಕೊಡಲು ಇಟ್ಟುಕೊಳ್ಳುವ ಎಡಮುರಿ ಕಾಯಿ ನೋಡಿದ್ದೀರಲ್ಲ, ಹಗ್ಗದ ಹಾಗೆ ತಿರುಚಿಕೊಂಡಿರುವುದು? ಇದರ ಕಾಯಿಯೂ ಹಾಗೆಯೇ, ಆದರೆ ಕಡ್ಡಿಯಷ್ಟು ಸಪುರ. ಒಣಗಿದಾಗ ಆ ಹುರಿ ಬಿಚ್ಚಿಕೊಂಡು ಒಳಗಿನ ಹುಡಿಯಂಥ ಬೀಜ ಉದುರುತ್ತದೆ.

ಮೊದಲು ಹೊರಜಗತ್ತಿಗೆ ಗೊತ್ತಾದ ಜಾತಿ ಸ್ಟ್ರೆಪ್ಟೋಕಾರ್ಪಸ್ ರೆಕ್ಸಿ. ಲಂಡನ್ನಿನ ಕ್ಯೂ ಉದ್ಯಾನಕ್ಕಾಗಿ ಗಿಡ ಸಂಗ್ರಹಿಸುತ್ತಿದ್ದ ಜೇಮ್ಸ್ ಬೋವಿಗೆ ಅದು ದಕ್ಷಿಣ ಆಫ್ರಿಕಾದ ನೈಸ್ನಾದಲ್ಲಿ, ಜಾರ್ಜ್ ರೆಕ್ಸ್ ಎಂಬವರ ಜಮೀನಿನಲ್ಲಿ ಸಿಕ್ಕಿತು. ಜಾತಿಯ ಹೆಸರಿನಲ್ಲಿ ಉಳಿದಿರುವುದು ಆ ರೆಕ್ಸ್. ಸ್ಟ್ರೆಪ್ಟೋಕಾರ್ಪಸ್ ಎಂಬ ಕುಲನಾಮ ಕೊಟ್ಟದ್ದು ಜಾನ್ ಲಿಂಡ್ಲೆ, 1828ರಲ್ಲಿ. ಎಲ್ಲರಿಗೂ ಗೊತ್ತಿರುವ ಆಫ್ರಿಕನ್ ವಯೊಲೆಟ್ ಇದರ ಹತ್ತಿರದ ಬಂಧು. 2015ರಲ್ಲಿ ಸಸ್ಯಶಾಸ್ತ್ರಜ್ಞರು ಅದನ್ನೂ ಸ್ಟ್ರೆಪ್ಟೋಕಾರ್ಪಸ್ ಕುಲದೊಳಗೇ ಸೇರಿಸಿದರು.

ಇದೇ ಕುಟುಂಬದ ಗಿಡಗಳು ನಮ್ಮ ಘಟ್ಟದಲ್ಲೂ ಇವೆ. ಮಳೆಗಾಲದಲ್ಲಿ ಆಗುಂಬೆ ಕಡೆ ಹೋದರೆ, ನೀರು ಇಳಿಯುವ ಬಂಡೆಗೆ ಅಂಟಿಕೊಂಡು ನೀಲಿ ಹೂ ಬಿಡುವ ರಿಂಕೋಗ್ಲಾಸಮ್ ಇದರ ದೂರದ ಸಂಬಂಧಿ. ಅದು ನಿಂತಿರುವ ಜಾಗವನ್ನು ಒಂದು ನಿಮಿಷ ಗಮನಿಸಿ. ನೆರಳು ಇದೆ. ತೇವ ಇದೆ. ಆದರೆ ನೀರು ಬಂಡೆಯ ಮೇಲೆ ಹರಿದುಹೋಗುತ್ತದೆ, ಬುಡದಲ್ಲಿ ನಿಲ್ಲುವುದಿಲ್ಲ. ಗಾಳಿ ಆಡುತ್ತಲೇ ಇರುತ್ತದೆ. ಕೇಪ್ ಪ್ರಿಮ್‌ರೋಸ್ ತವರಿನಲ್ಲಿ ಬೆಳೆಯುವುದೂ ಇಂಥದ್ದೇ ಕಡೆ, ಕಾಡಿನ ತಂಪು ದರೆಗಳಲ್ಲಿ, ಬಂಡೆಯ ಸಂದಿನಲ್ಲಿ.

ಮಂಗಳೂರಿನ ಸೆಕೆಯಲ್ಲಿ ಇದು ಬದುಕುತ್ತದಾ?

ಬದುಕುತ್ತದೆ, ಆದರೆ ವರ್ಷವಿಡೀ ಒಂದೇ ಹದದಲ್ಲಿ ಇರುವುದಿಲ್ಲ. ಇದಕ್ಕೆ ಹಿತವಾದ ಉಷ್ಣತೆ 15ರಿಂದ 25 ಡಿಗ್ರಿ. 30 ದಾಟಿದರೆ ಸೊರಗಲು ತೊಡಗುತ್ತದೆ. ನಮ್ಮಲ್ಲಿ ಮೇ ತಿಂಗಳ ರಾತ್ರಿಯೂ 25ಕ್ಕಿಂತ ಕೆಳಗೆ ಇಳಿಯುವುದು ಅಪರೂಪ. ನಿಜವಾದ ಕಷ್ಟ ಅದೇ. ಹಗಲು ಬಿಸಿಯಾದರೂ ರಾತ್ರಿ ತಂಪಾದರೆ ಗಿಡ ಸುಧಾರಿಸಿಕೊಳ್ಳುತ್ತದೆ. ರಾತ್ರಿಯೂ ಬೇಯುತ್ತಿದ್ದರೆ ಅದಕ್ಕೆ ವಿಶ್ರಾಂತಿ ಇಲ್ಲ.

ಹಾಗಾಗಿ ಕರಾವಳಿಯಲ್ಲಿ ಇದರ ವರ್ಷವನ್ನು ನಮ್ಮ ಲೆಕ್ಕದಲ್ಲೇ ಹಾಕಿಕೊಳ್ಳಬೇಕು. ಬೇರೆ ಕಡೆಯ ಪುಸ್ತಕಗಳು ‘ಬೇಸಿಗೆಯಲ್ಲಿ ಹೂ, ಚಳಿಗಾಲದಲ್ಲಿ ವಿಶ್ರಾಂತಿ’ ಅನ್ನುತ್ತವೆ. ಇಲ್ಲಿ ಅದು ತಿರುಗಾಮುರುಗ. ಮಾರ್ಚ್‌ನಿಂದ ಪತ್ತನಾಜೆ ಕಳೆದು ಮಳೆ ಹಿಡಿಯುವವರೆಗೆ ವಿಶ್ರಾಂತಿ: ಹೂ ಬೇಡ, ಗೊಬ್ಬರ ಬೇಡ, ಜೀವ ಹಿಡಿದಿದ್ದರೆ ಸಾಕು. ಆಟಿ, ಸೋಣದಲ್ಲಿ ಹಗಲಿನ ಉಷ್ಣತೆ 28ರ ಆಸುಪಾಸಿಗೆ ಇಳಿಯುತ್ತದೆ. ಆಗ ಹೊಸ ಎಲೆ ಬರುತ್ತದೆ. ಅಕ್ಟೋಬರ್‌ನಲ್ಲಿ ಮತ್ತೆ ಒಂದು ಸುತ್ತು ಸೆಕೆ. ನವೆಂಬರ್ ಕೊನೆಯಿಂದ ಫೆಬ್ರವರಿವರೆಗೆ ರಾತ್ರಿ ತಂಪಾಗುತ್ತದೆ, ನನ್ನಲ್ಲಿ ಹೂವಿನ ಸುಗ್ಗಿ ಆಗಲೇ. ಕಾರ್ಕಳ, ಬೆಳ್ತಂಗಡಿ ಕಡೆ ಘಟ್ಟದ ಬುಡದಲ್ಲಿರುವವರಿಗೆ ಡಿಸೆಂಬರ್ ರಾತ್ರಿಗಳು ನಮಗಿಂತ ತಂಪು, ಅವರಿಗೆ ಇನ್ನೂ ಸಲೀಸು.

ರಾತ್ರಿ ಏಸಿ ಹಾಕುವ ಮಲಗುವ ಕೋಣೆ ಇದ್ದರೆ ಏಪ್ರಿಲ್, ಮೇಯಲ್ಲಿ ಗಿಡವನ್ನು ಅಲ್ಲಿಗೆ ತಂದಿಡಿ. ಏಸಿಯ ಗಾಳಿ ನೇರ ಬಡಿಯದಂತೆ ಮೂಲೆಯಲ್ಲಿರಲಿ. ಆ ಎಂಟು ಗಂಟೆಯ ತಂಪು ಮಾಡುವ ವ್ಯತ್ಯಾಸ ದೊಡ್ಡದು.

ಎಲೆ ಜೋತುಬಿದ್ದಿದೆ. ನೀರು ಹಾಕಲಾ?

ದಯವಿಟ್ಟು ನಿಲ್ಲಿ. ಮೊದಲು ಕುಂಡ ಎತ್ತಿ ನೋಡಿ.

ಈ ಇಡೀ ಪುಟದಲ್ಲಿ ಒಂದೇ ಉತ್ತರ ಓದಲು ಪುರುಸೊತ್ತು ಇದ್ದರೆ ಇದನ್ನೇ ಓದಿ. ಕೇಪ್ ಪ್ರಿಮ್‌ರೋಸ್ ಎರಡು ಬೇರೆ ಬೇರೆ ಕಾರಣಕ್ಕೆ ಜೋತುಬೀಳುತ್ತದೆ, ನೋಡಲು ಎರಡೂ ಒಂದೇ. ಒಂದು, ಬಾಯಾರಿಕೆ. ಆಗ ಕುಂಡ ಹಗುರ, ಮಿಶ್ರಣ ಒಣಗಿ ಅಂಚಿನಿಂದ ಬಿಟ್ಟುಕೊಂಡಿರುತ್ತದೆ. ಇನ್ನೊಂದು, ಸೆಕೆ. ಆಗ ಕುಂಡ ಭಾರ, ಬೆರಳಿಗೆ ತೇವ ತಾಗುತ್ತದೆ, ಆದರೂ ಎಲೆ ಬಸವಳಿದಿರುತ್ತದೆ. ಎಲೆಯಿಂದ ಹೋಗುವಷ್ಟು ವೇಗದಲ್ಲಿ ಬೇರು ನೀರು ಒದಗಿಸಲಾರದು, ಅಷ್ಟೇ. ಸಂಜೆ ಹೊತ್ತಿಗೆ ತಾನೇ ಎದ್ದು ನಿಲ್ಲುತ್ತದೆ.

ಈ ಎರಡನೆಯ ಸಂದರ್ಭದಲ್ಲಿ ನೀರು ಹಾಕಿದರೆ ಗಿಡ ಸಾಯುತ್ತದೆ. ಬೇರಿಗೂ ಉಸಿರಾಟ ಇದೆ. ಬಿಸಿ ಹೆಚ್ಚಿದಷ್ಟೂ ಬೇರಿಗೆ ಆಮ್ಲಜನಕ ಹೆಚ್ಚು ಬೇಕು, ಆದರೆ ಬಿಸಿ ನೀರಿನಲ್ಲಿ ಕರಗುವ ಆಮ್ಲಜನಕ ಕಡಿಮೆ. ಮಿಶ್ರಣದ ಸಂದಿಗಳೆಲ್ಲ ನೀರಿನಿಂದ ತುಂಬಿಕೊಂಡರೆ ಗಾಳಿ ಹೋಗಲು ದಾರಿಯೇ ಇಲ್ಲ. ಬೇರು ಕೊಳೆಯುತ್ತದೆ, ಕೊಳೆತ ಬೇರು ನೀರು ಎಳೆಯಲಾರದು, ಎಲೆ ಮತ್ತಷ್ಟು ಬಾಡುತ್ತದೆ, ನೋಡಿದವರು ಅಯ್ಯೋ ಪಾಪ ಎಂದು ಇನ್ನೊಂದು ಲೋಟ ಸುರಿಯುತ್ತಾರೆ.

ನಾನು ಮೊದಲ ಮೇಯಲ್ಲಿ ಮಾಡಿದ್ದು ಇದನ್ನೇ. ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ನೀರು ಹಾಕಿ ಮೂರು ಗಿಡ ಕಳೆದುಕೊಂಡೆ. ಕೊನೆಯದನ್ನು ಕುಂಡದಿಂದ ಎಳೆದಾಗ ಬುಡ ಕೈಗೆ ಬಂತು, ಬೇರು ಒಳಗೇ ಉಳಿಯಿತು. ಬಿಳಿಯಾಗಿರಬೇಕಿದ್ದ ಬೇರು ಚಹಾದ ಬಣ್ಣಕ್ಕೆ ತಿರುಗಿತ್ತು. ಬೆರಳಲ್ಲಿ ಹಿಡಿದು ಎಳೆದರೆ ಹೊರಸಿಪ್ಪೆ ಜಾರಿ, ಒಳಗಿನ ಎಳೆ ಮಾತ್ರ ನೆನೆದ ನೂಲಿನ ಹಾಗೆ ಉಳಿಯುತ್ತಿತ್ತು. ಆ ಬಣ್ಣ ಇವತ್ತಿಗೂ ಕಣ್ಣಿನಲ್ಲಿದೆ.

ಹಾಗಾದರೆ ಮಾಡಬೇಕಾದ್ದು: ಭಾರವಾದ ಕುಂಡವನ್ನು ಮನೆಯ ಅತಿ ತಂಪಾದ ಜಾಗಕ್ಕೆ, ನೆಲಮಟ್ಟಕ್ಕೆ ಇಳಿಸಿ. ರೆಡ್ ಆಕ್ಸೈಡ್ ನೆಲದ ಹಳೆ ಮನೆಯಾದರೆ ಗೋಡೆ ಬದಿಯ ನೆಲವೇ ಸಾಕು. ದೂರದಿಂದ ಫ್ಯಾನ್ ಹಾಕಿ. ಸಂಜೆವರೆಗೆ ಕಾಯಿರಿ. ಎದ್ದರೆ ಸರಿ. ಮರುದಿನ ಬೆಳಿಗ್ಗೆಯೂ ಏಳದಿದ್ದರೆ ಹೊರತೆಗೆದು ಬೇರು ನೋಡಿ. ಕಂದಾಗಿ ಜಾರುವ ಬೇರನ್ನೆಲ್ಲ ಕತ್ತರಿಸಿ, ಅರ್ಧದಷ್ಟು ಎಲೆ ತೆಗೆದು, ಹೊಸ ಮಿಶ್ರಣದಲ್ಲಿ ಚಿಕ್ಕ ಕುಂಡಕ್ಕೆ ಹಾಕಿ. ತೆಗೆದ ಎಲೆಯನ್ನು ಬಿಸಾಡಬೇಡಿ. ತಾಯಿ ಗಿಡ ಹೋದರೂ ಅದರಿಂದ ಮರಿ ಸಿಗುತ್ತದೆ. ಹೇಗೆ ಎಂದು ಕೆಳಗೆ ಬರೆದಿದ್ದೇನೆ.

ಹಾಗಾದರೆ ಎಷ್ಟು ದಿನಕ್ಕೊಮ್ಮೆ ನೀರು?

ದಿನದ ಲೆಕ್ಕ ಬೇಡ, ತೂಕದ ಲೆಕ್ಕ ಇಟ್ಟುಕೊಳ್ಳಿ. ನೀರು ಹಾಕಿ ಸೋರಿದ ಮೇಲೆ ಕುಂಡ ಎತ್ತಿ ಆ ಭಾರ ನೆನಪಿಟ್ಟುಕೊಳ್ಳಿ. ಅರ್ಧ ಹಗುರಾದಾಗ ಮತ್ತೆ ನೀರು. ವಾರದೊಳಗೆ ಕೈಗೆ ಅಭ್ಯಾಸ ಆಗುತ್ತದೆ. ಪೂರ್ತಿ ಒಣಗುವ ತನಕ ಕಾಯುವುದೂ ಬೇಡ, ಎಲೆ ಸ್ವಲ್ಪ ಮೆತ್ತಗಾಗುವ ಮುನ್ನ ಕೊಟ್ಟರೆ ಸಾಕು. ನನ್ನ ನಾಲ್ಕಿಂಚಿನ ಕುಂಡಗಳಿಗೆ ಜನವರಿಯಲ್ಲಿ ಮೂರು ನಾಲ್ಕು ದಿನಕ್ಕೊಮ್ಮೆ ಬೇಕಾಗುತ್ತದೆ, ಜುಲೈಯಲ್ಲಿ ಎಂಟು ಹತ್ತು ದಿನ ಹಾಗೇ ಇರುತ್ತವೆ.

ಬೆಳಗ್ಗಿನ ಹೊತ್ತು ಹಾಕಿ. ಎಲೆಗಳ ನಡುವಿನ ಬುಡದಲ್ಲಿ ನೀರು ನಿಲ್ಲಬಾರದು, ಅಂಚಿನಿಂದ ಹಾಕಿ. ತಟ್ಟೆಯಲ್ಲಿ ನೀರಿಟ್ಟು ಕೆಳಗಿನಿಂದ ಕುಡಿಸುವುದೂ ಒಳ್ಳೆಯದು, ಆದರೆ ಅರ್ಧ ಗಂಟೆಯ ಮೇಲೆ ಉಳಿದ ನೀರು ಚೆಲ್ಲಿಬಿಡಿ.

ಬಾವಿ ನೀರು ಆಗುತ್ತದಾ?

ಧಾರಾಳ. ಮುರಕಲ್ಲಿನ ನೆಲದ ಬಾವಿ ನೀರು ಮೆದು, ಗಿಡಕ್ಕೆ ಒಳ್ಳೆಯದು. ಮಳೆ ನೀರು ಅದಕ್ಕಿಂತ ಒಳ್ಳೆಯದು. ತುಂಬೆಯಿಂದ ಬರುವ ಕಾರ್ಪೊರೇಷನ್ ನೀರನ್ನೋ, ಉಡುಪಿಯವರು ಬಜೆಯಿಂದ ಬರುವ ನಳ್ಳಿ ನೀರನ್ನೋ ಬಕೆಟ್‌ನಲ್ಲಿ ಒಂದು ರಾತ್ರಿ ತೆರೆದಿಟ್ಟು ಹಾಕಿ. ಸಮುದ್ರದ ಹತ್ತಿರ ಬೇಸಿಗೆಯಲ್ಲಿ ಬಾವಿ ಉಪ್ಪಾಗುವ ಕಡೆ ಇದ್ದರೆ ಆ ಎರಡು ತಿಂಗಳು ಬೇರೆ ನೀರು ಹುಡುಕಿ, ಇದಕ್ಕೆ ಉಪ್ಪು ಆಗುವುದೇ ಇಲ್ಲ. ಗಡಸು ಬೋರ್‌ವೆಲ್ ನೀರೂ ಬೇಡ.

ಸಿಟೌಟ್‌ನಲ್ಲಿ ಇಡಬಹುದಾ? ಬಿಸಿಲು ಎಷ್ಟು ಬೇಕು?

ಪೂರ್ವ ಅಥವಾ ಉತ್ತರಕ್ಕೆ ಮುಖ ಮಾಡಿದ ಸಿಟೌಟ್ ಆದರೆ ನವೆಂಬರ್‌ನಿಂದ ಫೆಬ್ರವರಿವರೆಗೆ ಇಡಬಹುದು. ಪಡುವಣ ದಿಕ್ಕಿನ ಬಾಲ್ಕನಿ ಬೇಡವೇ ಬೇಡ. ಮಧ್ಯಾಹ್ನ ಮೂರರ ಬಿಸಿಲು ಒಂದೇ ದಿನದಲ್ಲಿ ಎಲೆ ಸುಡುತ್ತದೆ, ಮಳೆಗಾಲದಲ್ಲಿ ಇರಿಚಲು ಹೊಡೆಯುವುದೂ ಆ ಕಡೆಯಿಂದಲೇ.

ಇದಕ್ಕೆ ಬೇಕಾದ್ದು ಬೆಳಕು, ಬಿಸಿಲಲ್ಲ. ಶಂಕರಪುರದ ಮಲ್ಲಿಗೆಗೆ ಬೇಕಾಗುವ ಬಿಸಿಲಿನಲ್ಲಿ ಇದು ಒಂದು ವಾರ ಉಳಿಯದು. ಎಲೆಯ ಮೇಲೆ ಕೈ ಹಿಡಿದರೆ ಮಸುಕಾದ ನೆರಳು ಬೀಳುವಷ್ಟು ಬೆಳಕಿದ್ದರೆ ಸರಿ. ಬೆಳಗ್ಗಿನ ಒಂದು ಗಂಟೆ ಎಳೆಬಿಸಿಲು ತಾಗಿದರೆ ತೊಂದರೆ ಇಲ್ಲ.

ಮಳೆಗಾಲದಲ್ಲಿ ಮನೆಯೊಳಗೆ ಹಗಲೂ ಕತ್ತಲೆ. ಆಗ ಸಾಮಾನ್ಯ ಬಿಳಿ ಎಲ್‌ಇಡಿ ಟ್ಯೂಬ್‌ಲೈಟನ್ನು ಗಿಡದಿಂದ ಒಂದು ಅಡಿ ಮೇಲೆ ಕಟ್ಟಿ, ದಿನಕ್ಕೆ 12 ಗಂಟೆ ಉರಿಸಿ. ದುಬಾರಿ ‘ಗ್ರೋ ಲೈಟ್’ ಇಲ್ಲದೆಯೂ ಆಗುತ್ತದೆ, ನಾನು ಪುಸ್ತಕದ ಶೆಲ್ಫಿನ ಎರಡು ಅಂಕಣ ಖಾಲಿ ಮಾಡಿ ಹಾಗೇ ಬೆಳೆಸುತ್ತಿದ್ದೇನೆ.

ಮಣ್ಣು, ಕುಂಡ ಎಂಥದ್ದು?

ಅಂಗಳದ ಕೆಂಪು ಮಣ್ಣು ಹಾಕಬೇಡಿ. ಅದು ಕುಂಡದಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ, ಗಾಳಿಗೆ ಎಡೆಯಿಲ್ಲ. ನನ್ನ ಮಿಶ್ರಣ: ಎರಡು ಪಾಲು ಕೋಕೋಪೀಟ್, ಒಂದು ಪಾಲು ಪರ್ಲೈಟ್ (ನರ್ಸರಿಯಲ್ಲಿ ಸಿಗುವ ಬಿಳಿಯ ಹಗುರ ಹರಳು), ಒಂದು ಪಾಲು ಜರಡಿ ಹಿಡಿದ ಹಳೆಯ ತರಗೆಲೆ ಗೊಬ್ಬರ, ಜೊತೆಗೆ ಹುಣಸೆ ಬೀಜದಷ್ಟಕ್ಕೆ ಪುಡಿಮಾಡಿದ ಒಂದು ಹಿಡಿ ಇದ್ದಿಲು. ಪರ್ಲೈಟ್ ಸಿಗದಿದ್ದರೆ ಸುಟ್ಟು ಕರಿ ಮಾಡಿದ ಭತ್ತದ ಉಮಿ ಬಳಸಿ, ಬೂದಿ ಆಗುವಷ್ಟು ಸುಡಬಾರದು.

ಕೋಕೋಪೀಟ್ ಬಗ್ಗೆ ಒಂದು ಮಾತು. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಸಹಜವಾಗಿಯೇ ಇರುತ್ತದೆ. ಇಟ್ಟಿಗೆಯಂಥ ಬ್ಲಾಕನ್ನು ನೆನೆಸಿ, ಹಿಂಡಿ, ನೀರು ಚೆಲ್ಲಿ, ಮೂರು ಸಲ ತೊಳೆಯಿರಿ. ಮೊದಲ ನೀರು ಕಡು ಕಷಾಯದ ಬಣ್ಣಕ್ಕಿರುತ್ತದೆ, ಮೂರನೆಯದು ತಿಳಿಯಾಗುತ್ತದೆ. ‘ತೊಳೆದದ್ದು’ ಎಂದು ಪ್ಯಾಕೆಟ್ ಮೇಲೆ ಬರೆದಿದ್ದರೂ ಒಂದು ಸಲವಾದರೂ ತೊಳೆಯಿರಿ. ಕಡಲ ಮರಳು ಯಾವ ಕಾರಣಕ್ಕೂ ಬೇಡ.

ಕುಂಡ ಚಿಕ್ಕದಿರಲಿ, ಆಳ ಕಡಿಮೆ ಇರಲಿ. ಬೇರು ತೀರಾ ಕೆಳಗಿಳಿಯುವುದಿಲ್ಲ. ದೊಡ್ಡ ಗಿಡಕ್ಕೂ ಐದಿಂಚು ಸಾಕು. ದೊಡ್ಡ ಚಟ್ಟಿಯಲ್ಲಿ ಬೇರು ಮುಟ್ಟದ ಜಾಗದ ನೀರು ಹಾಗೇ ನಿಂತು ಹಳಸುತ್ತದೆ. ಮಣ್ಣಿನ ಕುಂಡ ಬೇಸಿಗೆಯಲ್ಲಿ ಮೈಯಿಂದ ನೀರಾಡಿ ಬೇರನ್ನು ತಂಪಾಗಿಡುತ್ತದೆ, ಹೂಜಿಯ ನೀರು ತಣ್ಣಗಿರುವ ಹಾಗೆ. ಮಳೆಗಾಲದಲ್ಲಿ ಅದೇ ಕುಂಡ ಒಣಗುವುದೇ ಇಲ್ಲ. ಎರಡೂ ಇಟ್ಟು ನೋಡಿ ನಾನು ಮಣ್ಣಿನದ್ದಕ್ಕೇ ಒಲಿದಿದ್ದೇನೆ, ಏಕೆಂದರೆ ನನ್ನ ಗಿಡಗಳು ಸತ್ತದ್ದೆಲ್ಲ ಮೇಯಲ್ಲಿ. ಮರಿ ಗಿಡಗಳಿಗೆ ತಳ ತೂತು ಮಾಡಿದ ಗೆರಟೆಯೇ ಹೇಳಿ ಮಾಡಿಸಿದ ಅಳತೆ.

ವರ್ಷಕ್ಕೊಮ್ಮೆ ಮಿಶ್ರಣ ಬದಲಿಸಿ. ಇಲ್ಲಿಗೆ ಸರಿಯಾದ ಕಾಲ ಮಾರ್ನೆಮಿ ಕಳೆದ ಮೇಲೆ.

ಸೆಗಣಿ ಗೊಬ್ಬರ, ಜೀವಾಮೃತ ಹಾಕಲಾ?

ಹಸಿ ಸೆಗಣಿ ಬೇಡ. ಇದರ ಬೇರು ಕೂದಲಿನಷ್ಟು ನವಿರು, ಸುಟ್ಟುಹೋಗುತ್ತದೆ. ನೀರಿನಲ್ಲಿ ಕರಗುವ 19:19:19 ಗೊಬ್ಬರ (ಸಾರಜನಕ, ರಂಜಕ, ಪೊಟ್ಯಾಶ್ ಸಮಪಾಲು ಇರುವುದು) ಎಲ್ಲ ಕೃಷಿ ಅಂಗಡಿಗಳಲ್ಲಿ ಸಿಗುತ್ತದೆ. ಲೀಟರಿಗೆ ಅರ್ಧ ಗ್ರಾಂ, ಹದಿನೈದು ದಿನಕ್ಕೊಮ್ಮೆ, ತೇವ ಇರುವ ಮಿಶ್ರಣಕ್ಕೆ ಮಾತ್ರ. ಮೊಗ್ಗು ಕಾಣಿಸಿದ ಮೇಲೆ ಒಂದು ಸಲ ಇದು, ಇನ್ನೊಂದು ಸಲ ಪೊಟ್ಯಾಶ್ ಹೆಚ್ಚಿರುವ ಗೊಬ್ಬರ, ಅದೇ ಅಳತೆಯಲ್ಲಿ. ಮಾರ್ಚ್‌ನಿಂದ ಮಳೆ ಬರುವವರೆಗೆ ಏನೂ ಬೇಡ.

ಎಲೆ ಹುಲುಸಾಗಿದೆ, ಹೂವೇ ಇಲ್ಲ. ಯಾಕೆ?

ಇದನ್ನು ಅರ್ಥಮಾಡಿಕೊಳ್ಳಲು ಗಿಡವನ್ನು ಹತ್ತಿರದಿಂದ ನೋಡಬೇಕು. ದಾಸವಾಳದ ಹಾಗೆ ಕಾಂಡ, ಗೆಲ್ಲು ಇದಕ್ಕಿಲ್ಲ. ಎಲೆಯೇ ಎಲ್ಲ. ಮೇಲ್ಮೈ ಸುಕ್ಕುಸುಕ್ಕು, ದೊಡ್ಡಪತ್ರೆಯ ಹಾಗೆ ಸಣ್ಣ ರೋಮ. ಒಂದು ಎಲೆಯನ್ನು ಮೆಲ್ಲಗೆ ಬಗ್ಗಿಸಿ ಬುಡ ನೋಡಿ: ನಡುದಂಟು ಮಣ್ಣಿಗೆ ಇಳಿಯುವ ಜಾಗದಲ್ಲಿ ಸಾಸಿವೆಯಷ್ಟು ಸಣ್ಣ ಹಸಿರು ಮೊಗ್ಗುಗಳು ಸಾಲಾಗಿ ಕೂತಿರುತ್ತವೆ. ಒಂದರ ಹಿಂದೆ ಒಂದು ಅವೇ ಹೂದಂಟಾಗಿ ಮೇಲೇಳುತ್ತವೆ. ಪ್ರತಿ ಎಲೆಗೂ ತನ್ನದೇ ಹೂಸಾಲು. ಆ ಸಾಲು ಮುಗಿದ ಹಳೆ ಎಲೆ ಆಮೇಲೆ ಹೆಚ್ಚು ಹೂ ಬಿಡದು.

ಹಾಗಾಗಿ ಹೂ ಬೇಕಾದರೆ ಹೊಸ ಎಲೆ ಬರುತ್ತಿರಬೇಕು. ಹಳೆಯ, ದೊಡ್ಡ, ಹೊರಸುತ್ತಿನ ಎಲೆಗಳನ್ನು ಮಳೆಗಾಲ ಮುಗಿದ ಮೇಲೆ ಬುಡದಿಂದ ತೆಗೆಯಿರಿ. ಎಷ್ಟೋ ಮಂದಿಗೆ ಮನಸ್ಸು ಬರುವುದಿಲ್ಲ. ತೆಗೆದರೆ ಒಳಗಿನ ಎಲೆಗೆ ಬೆಳಕು ಸಿಗುತ್ತದೆ, ಬುಡಕ್ಕೆ ಗಾಳಿ ಸಿಗುತ್ತದೆ. ಬಾಡಿದ ಹೂವನ್ನು ಮಾತ್ರ ಕಿತ್ತರೆ ಸಾಲದು, ದಂಟಿನ ಎಲ್ಲ ಹೂ ಮುಗಿದ ಮೇಲೆ ದಂಟನ್ನೇ ಬುಡದಲ್ಲಿ ಕತ್ತರಿಸಿ. ಬಿಟ್ಟರೆ ಕಾಯಿ ಕಟ್ಟಿ ಗಿಡದ ಶಕ್ತಿ ಅಲ್ಲಿ ಹೋಗುತ್ತದೆ.

ಉಳಿದ ಕಾರಣಗಳು ಬೆಳಕು ಸಾಲದಿರುವುದು, ಕುಂಡ ತೀರಾ ದೊಡ್ಡದಿರುವುದು, ಸಾರಜನಕ ಹೆಚ್ಚಾಗಿರುವುದು. ಸೆಕೆಯಲ್ಲಿ ಮೊಗ್ಗು ಅರಳುವ ಮುನ್ನವೇ ಒಣಗಿದರೆ ಗಾಬರಿ ಬೇಡ, ನವೆಂಬರ್‌ವರೆಗೆ ತಾಳ್ಮೆ ಇರಲಿ.

ಎಲೆಯ ತುದಿ ಕಂದಾಗಿ ಒಣಗುತ್ತಿದೆ. ರೋಗವಾ?

ಎಲೆಗೆ ಅಡ್ಡಲಾಗಿ ಗೆರೆ ಎಳೆದ ಹಾಗೆ, ಒಂದು ಕಡೆ ಹಸಿರು, ತುದಿಯ ಕಡೆ ಕಂದು ಇದ್ದರೆ ಅದು ರೋಗವಲ್ಲ. ಕಷ್ಟಕಾಲದಲ್ಲಿ ಎಲೆಯ ತುದಿಭಾಗವನ್ನು ತಾನೇ ಬಿಟ್ಟುಕೊಟ್ಟು ಬುಡಭಾಗ ಉಳಿಸಿಕೊಳ್ಳುವುದು ಈ ಗಿಡದ ಸ್ವಭಾವ. ಒಣಗಿದ್ದನ್ನು ಕತ್ತರಿಯಿಂದ ತೆಗೆದರೆ ಸಾಕು, ಉಳಿದ ಅರ್ಧ ಎಲೆ ಹೂವನ್ನೂ ಬಿಡುತ್ತದೆ. ಗೆರೆ ಇಲ್ಲದೆ ಅಂಚುಗಳು ಅಲ್ಲಲ್ಲಿ ಸುಟ್ಟಂತಿದ್ದರೆ ಉಪ್ಪು ಅಥವಾ ಗೊಬ್ಬರ ಹೆಚ್ಚಾಗಿದೆ: ಕುಂಡದಿಂದ ಧಾರಾಳವಾಗಿ ನೀರು ಹಾಯಿಸಿ, ಸೋರಿಸಿ, ಒಂದು ತಿಂಗಳು ಗೊಬ್ಬರ ನಿಲ್ಲಿಸಿ. ಬುಡದಿಂದ ಮೆತ್ತಗೆ ಕಪ್ಪಾಗುತ್ತ ಬಂದರೆ ಅದು ಕೊಳೆ. ಆ ಎಲೆಯನ್ನು ತಕ್ಷಣ ತೆಗೆಯಿರಿ.

ಮಳೆಗಾಲದಲ್ಲಿ ಏನು ಜಾಗ್ರತೆ?

ಉಷ್ಣತೆ ಹಿತವಾಗಿರುತ್ತದೆ, ಗಾಳಿಯ ತೇವವೂ ಬೇಕಾದಷ್ಟು. ನಿಂತ ಗಾಳಿಯೇ ಶತ್ರು. ಬಟ್ಟೆ ಒಣಗದ ದಿನಗಳಲ್ಲಿ ಈ ಗಿಡದ ಮೇಲೆ ಬೂದುಬಣ್ಣದ ಬೂಸ್ಟು ಬರುತ್ತದೆ, ಅದು ಶುರುವಾಗುವುದು ಎಲೆಯ ಮೇಲೆ ಬಿದ್ದು ಅಂಟಿಕೊಂಡ ಹೂವಿನಿಂದ. ಉದುರಿದ ಹೂವನ್ನು ದಿನವೂ ಆರಿಸಿ. ಚಿಕ್ಕ ಯುಎಸ್‌ಬಿ ಫ್ಯಾನ್ ಒಂದನ್ನು ಎಲೆ ಸಣ್ಣಗೆ ಅಲುಗುವಷ್ಟು ದೂರದಲ್ಲಿಟ್ಟು ಹಗಲೆಲ್ಲ ತಿರುಗಿಸಿ. ಎಲೆಗಳು ಒಂದಕ್ಕೊಂದು ತಾಗದಂತೆ ಕುಂಡಗಳ ನಡುವೆ ಎಡೆ ಬಿಡಿ. ಎಲೆಗೆ ನೀರು ಚಿಮುಕಿಸುವ ಪದ್ಧತಿ ನಮ್ಮಲ್ಲಿ ಯಾವ ತಿಂಗಳಿಗೂ ಬೇಡ.

ನೆಲಮನೆಯಲ್ಲಿದ್ದರೆ ಬಸವನಹುಳು. ರಾತ್ರಿ ಒಂದು ಹುಳು ಬಂದರೆ ಬೆಳಿಗ್ಗೆ ಎಲೆಯಲ್ಲಿ ಕಿಟಕಿ. ಟಾರ್ಚ್ ಹಿಡಿದು ಎಂಟು ಗಂಟೆಗೆ ಹುಡುಕಿ ಹೆಕ್ಕುವುದಕ್ಕಿಂತ ಒಳ್ಳೆಯ ಮದ್ದು ನನಗೆ ಸಿಕ್ಕಿಲ್ಲ. ಕೈಗವಸು ಹಾಕಿಕೊಳ್ಳಿ.

ಬಿಳಿ ಹತ್ತಿಯಂಥದ್ದು ಎಲೆಯ ಸಂದಿನಲ್ಲಿದೆ.

ಹಿಟ್ಟು ತಿಗಣೆ. ದಾಸವಾಳದಿಂದ ಬಂದಿರುತ್ತದೆ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿ ಒಂದೊಂದನ್ನೇ ಒರೆಸಿ, ವಾರಕ್ಕೊಮ್ಮೆ, ನಾಲ್ಕು ವಾರ. ಬೇವಿನೆಣ್ಣೆ ಹೊಡೆಯುವುದಾದರೆ ಲೀಟರಿಗೆ 3 ಮಿಲಿಲೀಟರ್, ಎರಡು ಹನಿ ಸೋಪಿನ ದ್ರಾವಣದೊಂದಿಗೆ, ಸಂಜೆ ಹೊತ್ತು, ಮೊದಲು ಒಂದೇ ಎಲೆಗೆ ಹೊಡೆದು ಎರಡು ದಿನ ನೋಡಿ. ರೋಮದ ಎಲೆ ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಬಿಸಿಲು ತಾಗಿದರೆ ಕಲೆ. ಹೂವಿನ ದಳದ ಮೇಲೆ ಪರಾಗದ ಹುಡಿ ಚೆಲ್ಲಿದಂತಿದ್ದರೆ ಥ್ರಿಪ್ಸ್ ನುಸಿ ಬಂದಿದೆ. ಅರಳಿದ ಹೂ, ಮೊಗ್ಗು ಎಲ್ಲವನ್ನೂ ಕಿತ್ತು ಮನೆಯಿಂದ ಹೊರಗೆ ಹಾಕಿ. ಹೊಸ ಗಿಡ ತಂದರೆ ಮೂರು ವಾರ ಬೇರೆ ಕೋಣೆಯಲ್ಲಿಡಿ.

ಒಂದು ಎಲೆಯಿಂದ ಹತ್ತಾರು ಗಿಡ ಆಗುತ್ತದೆ ಅನ್ನುತ್ತಾರೆ, ನಿಜವಾ?

ನಿಜ, ಈ ಗಿಡದ ಮೇಲೆ ನನಗೆ ಇಷ್ಟು ಪ್ರೀತಿ ಬರಲು ಕಾರಣವೂ ಇದೇ. ತೀರಾ ಎಳೆಯದೂ ಅಲ್ಲದ, ಬಲಿತು ಗಡುಸಾದದ್ದೂ ಅಲ್ಲದ ಎಲೆ ಆರಿಸಿ. ಬುಡದಲ್ಲಿ ಹಿಡಿದು ಪಕ್ಕಕ್ಕೆ ಬಾಗಿಸಿದರೆ ಬಸಳೆ ದಂಟಿನ ಹಾಗೆ ‘ಟಕ್’ ಎಂದು ಮುರಿಯುತ್ತದೆ. ಹಲಗೆಯ ಮೇಲೆ ಬೆನ್ನು ಮೇಲಾಗಿ ಮಲಗಿಸಿ. ಹೊಸ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿ, ದಪ್ಪ ನಡುನರದ ಎರಡೂ ಬದಿಗೆ ಉದ್ದಕ್ಕೆ ಸೀಳಿ. ನಡುನರ ಬೇಡ. ಈಗ ಕೈಯಲ್ಲಿ ಎರಡು ಉದ್ದನೆಯ ಪಟ್ಟಿಗಳಿವೆ. ಪ್ರತಿ ಪಟ್ಟಿಯ ಕತ್ತರಿಸಿದ ಅಂಚಿನಲ್ಲಿ ಸಣ್ಣ ನರಗಳ ತುದಿ ಚುಕ್ಕೆಗಳ ಹಾಗೆ ಕಾಣುತ್ತವೆ. ಒಂದೊಂದು ಚುಕ್ಕೆಯಲ್ಲೂ ಒಂದು ಗಿಡ ಹುಟ್ಟಬಹುದು.

ಅರ್ಧ ಗಂಟೆ ನೆರಳಲ್ಲಿ ಗಾಯ ಆರಲಿ. ತಿಂಡಿ ಪಾರ್ಸೆಲ್ ಬರುವ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿ ತೆಗೆದುಕೊಂಡು ತಳದಲ್ಲಿ ತೂತು ಮಾಡಿ, ಕೋಕೋಪೀಟ್ ಮತ್ತು ಪರ್ಲೈಟ್ ಸಮಪಾಲು ತುಂಬಿ. ಮುಷ್ಟಿಯಲ್ಲಿ ಹಿಂಡಿದರೆ ಒಂದೆರಡು ಹನಿ ಮಾತ್ರ ಬರುವಷ್ಟು ತೇವ. ಕಡ್ಡಿಯಿಂದ ಅರ್ಧ ಸೆಂಟಿಮೀಟರ್ ಆಳದ ಗೆರೆ ಎಳೆದು ಪಟ್ಟಿಯ ಕತ್ತರಿಸಿದ ಅಂಚನ್ನು ಅದರಲ್ಲಿ ನಿಲ್ಲಿಸಿ, ಎರಡೂ ಕಡೆ ಒತ್ತಿ. ಮುಚ್ಚಳ ಸಡಿಲವಾಗಿ ಮುಚ್ಚಿ, ದಿನಕ್ಕೆ ಐದು ನಿಮಿಷ ತೆರೆದಿಡಿ. ನೇರ ಬಿಸಿಲು ಬೇಡ.

ಮೊದಲ ತಿಂಗಳು ಏನೂ ಕಾಣದು. ಎಲೆ ಹಸಿರಾಗಿಯೇ ನಿಂತಿದ್ದರೆ ಒಳಗೆ ಬೇರು ಬರುತ್ತಿದೆ ಎಂದರ್ಥ. ಆರರಿಂದ ಎಂಟು ವಾರಕ್ಕೆ ಪಟ್ಟಿಯ ಬುಡದಲ್ಲಿ ಇಲಿಕಿವಿಯಂಥ ಪುಟ್ಟ ಎಲೆಗಳು ಸಾಲಾಗಿ ಹೊರಡುತ್ತವೆ. ಮೊದಲ ಸಲ ನಾನು ಎಣಿಸಿದಾಗ ಒಂದೇ ಪಟ್ಟಿಯಲ್ಲಿ ಹದಿನೇಳು ಇದ್ದವು. ಎರಡು ಮೂರು ಸೆಂಟಿಮೀಟರ್ ಆದಾಗ ಬಿಡಿಸಿ, ಗೆರಟೆಗೋ ಪುಟ್ಟ ಕಪ್ಪಿಗೋ ಹಾಕಿ. ಅಲ್ಲಿಂದ ಸುಮಾರು ಆರು ತಿಂಗಳಿಗೆ ಹೂ.

ಕರಾವಳಿಯಲ್ಲಿ ಇದನ್ನು ಮಾಡಲು ನವೆಂಬರ್ ಶ್ರೇಷ್ಠ. ಮಳೆಗಾಲದಲ್ಲಿ ಇಟ್ಟ ಹತ್ತು ಪಟ್ಟಿಗಳಲ್ಲಿ ನನಗೆ ಉಳಿದದ್ದು ಎರಡು. ಮತ್ತೊಂದು ಮಾತು, ಪ್ರತಿ ವರ್ಷ ಪ್ರತಿ ಬಣ್ಣದಿಂದ ಒಂದಾದರೂ ಎಲೆ ಹಾಕಿಡಿ. ಮೇ ತಿಂಗಳು ತಾಯಿಯನ್ನು ಒಯ್ದರೂ ತಳಿ ಮನೆಯಲ್ಲಿ ಉಳಿಯುತ್ತದೆ.

ಬೀಜದಿಂದ ಬೆಳೆಸಬಹುದಾ?

ಬಹುದು. ಬೀಜ ರಾಗಿಹಿಟ್ಟಿನಷ್ಟು ನುಣ್ಣಗೆ. ಮಣ್ಣು ಮುಚ್ಚಬಾರದು, ಮೊಳೆಯಲು ಬೆಳಕು ಬೇಕು. ಎರಡು ಮೂರು ವಾರ ಹಿಡಿಯುತ್ತದೆ. ಆದರೆ ಮಿಶ್ರತಳಿಯ ಬೀಜದಿಂದ ತಾಯಿಯದೇ ಬಣ್ಣ ಬರುವುದಿಲ್ಲ. ಅದೇ ಹೂ ಬೇಕಾದರೆ ಎಲೆಯೇ ದಾರಿ.

ಹೊಸಬರಿಗೆ ಯಾವುದು ಸುಲಭ? ಎಲ್ಲಿ ಸಿಗುತ್ತದೆ?

ಜನವರಿಯಲ್ಲಿ ಕದ್ರಿ ಪಾರ್ಕಿನಲ್ಲಿ ನಡೆಯುವ ಫಲಪುಷ್ಪ ಪ್ರದರ್ಶನದಲ್ಲಿ, ಉಡುಪಿಯವರಾದರೆ ದೊಡ್ಡಣಗುಡ್ಡೆಯ ಪ್ರದರ್ಶನದಲ್ಲಿ ನರ್ಸರಿಯವರನ್ನು ಕೇಳಿ ನೋಡಿ. ಸಿಗದಿದ್ದರೆ ಆನ್‌ಲೈನ್‌ನಲ್ಲಿ ಚಿಕ್ಕ ಸಸಿ ತರಿಸಿ, ಡಿಸೆಂಬರ್ ಅಥವಾ ಜನವರಿಯಲ್ಲಿ ಮಾತ್ರ. ಏಪ್ರಿಲ್‌ನಲ್ಲಿ ಒಮ್ಮೆ ತರಿಸಿದ ಪೆಟ್ಟಿಗೆ ತೆರೆದಾಗ ಎಲೆಗಳೆಲ್ಲ ಬೆಂದ ಸೊಪ್ಪಿನಂತಿದ್ದವು. ವಿದೇಶದಿಂದ ಬೀಜ, ಎಲೆ ತರಿಸಲು ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಬೇಕು. ಸುಮ್ಮನೆ ಲಕೋಟೆಯಲ್ಲಿ ತರಿಸಬೇಡಿ.

ಮೊದಲ ಸಲ ಬೆಳೆಸುವವರಿಗೆ ನನ್ನ ಸಲಹೆ ಸ್ಟ್ರೆಪ್ಟೋಕಾರ್ಪೆಲ್ಲಾ ಎಂದು ಮಾರುವ ಗುಂಪು. ಪೂರ್ವ ಆಫ್ರಿಕಾದ ಸ್ಟ್ರೆಪ್ಟೋಕಾರ್ಪಸ್ ಸ್ಯಾಕ್ಸೋರಮ್ ಈ ಗುಂಪಿನದು. ಇದಕ್ಕೆ ಕಾಂಡ ಇದೆ, ಎಲೆ ಪುಟ್ಟದು, ದಪ್ಪ. ತೂಗುಕುಂಡದಲ್ಲಿ ಇಳಿಬಿದ್ದು ತಿಳಿನೇರಳೆ ಹೂ ಬಿಡುತ್ತದೆ. ಸೆಕೆಯನ್ನು ದೊಡ್ಡೆಲೆಯದಕ್ಕಿಂತ ಚೆನ್ನಾಗಿ ತಾಳುತ್ತದೆ, ಗೆಲ್ಲು ಚುಚ್ಚಿದರೆ ಬೇರು ಬರುತ್ತದೆ. ಅದರೊಂದಿಗೆ ಒಂದು ಬೇಸಿಗೆ ಕಳೆದ ಮೇಲೆ ದೊಡ್ಡೆಲೆಯದಕ್ಕೆ ಕೈಹಾಕಿ.

ಬೆಕ್ಕು ಎಲೆ ಕಚ್ಚಿದರೆ?

ಇದು ಬೆಕ್ಕು, ನಾಯಿಗಳಿಗೆ ವಿಷದ ಗಿಡವಲ್ಲ. ಔಷಧಿ ಹೊಡೆದ ಗಿಡವನ್ನು ಮಾತ್ರ ದೂರ ಇಡಿ.

ಎರಡು ವಾರ ಊರಲ್ಲಿ ಇರುವುದಿಲ್ಲ. ನೀರು ಯಾರು ಹಾಕುವುದು?

ಪಕ್ಕದ ಮನೆಯವರಿಗೆ ಹೇಳಿದರೆ ಅವರು ಪ್ರೀತಿಯಿಂದ ದಿನವೂ ಹಾಕಿಬಿಡುತ್ತಾರೆ! ಬತ್ತಿ ಇಡಿ. ನೈಲಾನ್ ದಾರದ ಒಂದು ತುದಿ ಕುಂಡದ ತೂತಿನಿಂದ ಮಿಶ್ರಣದೊಳಗೆ, ಇನ್ನೊಂದು ತುದಿ ಕೆಳಗಿನ ನೀರಿನ ಡಬ್ಬಿಯೊಳಗೆ. ಕುಂಡದ ತಳ ನೀರಿಗೆ ತಾಗಬಾರದು. ಹೊರಡುವ ಒಂದು ವಾರ ಮೊದಲೇ ಜೋಡಿಸಿ ನೋಡಿ. ಪರ್ಲೈಟ್ ಕಡಿಮೆ ಇರುವ ಮಿಶ್ರಣಕ್ಕೆ ಬತ್ತಿ ಆಗುವುದಿಲ್ಲ, ತೀರಾ ತೇವವಾಗುತ್ತದೆ. ಮಳೆಗಾಲದಲ್ಲಾದರೆ ಬತ್ತಿಯೂ ಬೇಡ, ಹೊರಡುವ ದಿನ ನೀರು ಹಾಕಿ ಹೋದರಾಯಿತು.

ಹೂವನ್ನು ದೇವರಿಗೆ ಇಡಬಹುದಾ? ಮುಡಿಯಬಹುದಾ?

ದೇವರಿಗೆ ಏಕೆ ಬಾರದು? ನಮ್ಮಮ್ಮ ದಂಟು ಸಮೇತ ಪುಟ್ಟ ಹಿತ್ತಾಳೆ ಗಿಂಡಿಯಲ್ಲಿ ನೀರಿಗೆ ಹಾಕಿ ದೇವರ ಕೋಣೆಯಲ್ಲಿಡುತ್ತಾರೆ. ಹಾಗಿಟ್ಟರೆ ನಾಲ್ಕೈದು ದಿನ ಇರುತ್ತದೆ. ಮುಡಿಯಲು ಆಗದು: ಪರಿಮಳ ಇಲ್ಲ, ದಳ ತೀರಾ ನವಿರು, ಅಬ್ಬಲಿಗೆಯ ಹಾಗೆ ಕಟ್ಟಿಗೆ ನಿಲ್ಲುವುದಿಲ್ಲ. ಆದರೆ ಒಮ್ಮೆ ಹೂವನ್ನು ಕಣ್ಣಿನ ಮಟ್ಟಕ್ಕೆ ತಂದು ಗಂಟಲಿನೊಳಗೆ ನೋಡಿ. ಕೆಳಗಿನ ಮೂರು ದಳಗಳಿಂದ ಕಡುನೇರಳೆ ಗೆರೆಗಳು ಕೊಳವೆಯೊಳಗೆ ಓಡುತ್ತವೆ. ಮಕರಂದ ಎಲ್ಲಿದೆ ಎಂದು ಹುಳಕ್ಕೆ ತೋರಿಸುವ ಗುರುತು ಅದು. ಒಳಗೆ ಎರಡು ಕೇಸರ, ತುದಿಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ.

ಮಣಿಪಾಲದ ಗೆಳತಿಗೆ, ಬೆಂಗಳೂರಿನ ಅಕ್ಕನಿಗೆ ಒಂದು ಎಲೆ ಕಳಿಸುವುದು ಹೇಗೆ?

ಬೆಳಿಗ್ಗೆ, ಗಿಡ ನೀರು ಕುಡಿದು ಗಡುಸಾಗಿರುವಾಗ ಎಲೆ ಮುರಿಯಿರಿ. ಮುರಿದ ತುದಿಗೆ ಮಾತ್ರ ಒದ್ದೆ ಟಿಶ್ಯೂ ಸುತ್ತಿ, ಎಲೆಯ ಉಳಿದ ಭಾಗ ಒಣಗಿರಲಿ. ಜಿಪ್ ಚೀಲದಲ್ಲಿ ಸ್ವಲ್ಪ ಗಾಳಿ ತುಂಬಿ ಮುಚ್ಚಿ, ಮಡಚದಂತೆ ರಟ್ಟಿನ ಡಬ್ಬಿಯಲ್ಲಿಡಿ. ತಳಿಯ ಹೆಸರು, ಬಣ್ಣ ಒಂದು ಚೀಟಿಯಲ್ಲಿ ಬರೆದು ಹಾಕಿ, ಮರಿಗಳೆಲ್ಲ ನೋಡಲು ಒಂದೇ ಥರ ಇರುತ್ತವೆ. ಸೋಮವಾರ ಕೊರಿಯರ್‌ಗೆ ಕೊಟ್ಟರೆ ಭಾನುವಾರ ಗೋಡೌನಿನಲ್ಲಿ ಉಳಿಯುವ ಭಯ ಇಲ್ಲ. ತಲುಪಿದಾಗ ಎಲೆ ಬಾಡಿದಂತೆ ಕಂಡರೂ ಎಸೆಯಬೇಡಿ ಎಂದು ಮೊದಲೇ ಹೇಳಿಡಿ. ತಣ್ಣೀರಿನ ತಟ್ಟೆಯಲ್ಲಿ ಒಂದು ಗಂಟೆ ತೇಲಬಿಟ್ಟರೆ ಮತ್ತೆ ಗಡುಸಾಗುತ್ತದೆ, ಆಮೇಲೆ ಸೀಳಿ ನೆಡಲಿ.